ನಕ್ಷೆಯಾ, ಫೋಟೋನಾ, ಸುಮ್ನೆ ಕೂತು ಮಾತಾಡೋದಾ? ನಮ್ಮ ಕಡೆಯ ಹೆಣ್ಣುಮಕ್ಕಳ ಜೊತೆ ಅಧ್ಯಯನಕ್ಕೆ ವಿಧಾನ ಆರಿಸುವ ಬಗೆ

ಹೋದ ತಿಂಗಳು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಅಕ್ಕಾ, ಗೈಡ್ ಸರ್ ಸಹಭಾಗಿ ವಿಧಾನ ಬಳಸು ಅಂದ್ರು. ಯಾವುದು ಅಂತ ಹೇಳಲಿಲ್ಲ. ಪಿಆರ್‌ಎ ಮಾಡ್ಲಾ, ಫೋಟೋವಾಯ್ಸ್ ಮಾಡ್ಲಾ?" ಸಹಭಾಗಿ ವಿಧಾನ ಅಂದರೆ ಊರಿನವರನ್ನೇ ಜೊತೆಗೂಡಿಸಿಕೊಂಡು ಮಾಡುವ ಅಧ್ಯಯನ. ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್) ಅಂದರೆ ಅವರೇ ನೆಲದ ಮೇಲೆ ನಕ್ಷೆ, ಪಟ್ಟಿ ಬಿಡಿಸುವುದು. ಫೋಟೋವಾಯ್ಸ್ ಅಂದರೆ ಅವರೇ ಫೋಟೋ ತೆಗೆದು ಅದರ ಬಗ್ಗೆ ಮಾತಾಡುವುದು. ಅವಳ ಹತ್ತಿರ ಇರುವುದು ಮೂರು ವಾರ. ಬಸ್ಸು ಹೇಗೂ ಪುಕ್ಕಟೆ, ಅದು ಬಿಟ್ಟರೆ ಕೈಯಲ್ಲಿ ದುಡ್ಡಿಲ್ಲ. ಅದೇ ವಾರ ಕೊಪ್ಪಳದ ಸಂಸ್ಥೆಯೊಂದರಲ್ಲಿರುವ ಗೆಳತಿ ಕೇಳಿದಳು: ಆರು ತಿಂಗಳ ಯೋಜನೆ, ಹಣ ಕೊಡುವವರಿಗೆ ವಿಡಿಯೋನೇ ಬೇಕಂತೆ, ಒಪ್ಪಿಕೊಳ್ಳಲಾ? ಮೂರನೆಯವರು ಸಿಂಧನೂರು ಕಡೆಯ ಪಂಚಾಯಿತಿ ಸದಸ್ಯೆ. ಅವರದು ನೇರ ಪ್ರಶ್ನೆ. "ನಮ್ಮ ಕೇರಿ ಹೆಣ್ಮಕ್ಳ ಮಾತು ಪ್ಲಾನಿನ್ಯಾಗ ಬರಬೇಕ್ರಿ. ಹೆಂಗ ಮಾಡ್ಲಿ?"

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಮೂವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಒಂದೇ. ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳಲ್ಲಿ ಮೊದಲು ಬರೆದುಕೊಳ್ಳುವವಳಾಗಿ, ಆಮೇಲೆ ಬರೆದುಕೊಳ್ಳುವವರಿಗೆ ಕಲಿಸುವವಳಾಗಿ ಓಡಾಡಿದ್ದೇನೆ. ತಪ್ಪುಗಳನ್ನೂ ಮಾಡಿದ್ದೇನೆ, ಅವೂ ಮುಂದೆ ಬರುತ್ತವೆ.

ಮೊದಲು ಅಳತೆಗೋಲು

ವಿಧಾನಗಳ ಹೆಸರು ಬದಿಗಿಡಿ. ಮೊದಲ ಪ್ರಶ್ನೆ: ಯಾರ ದಿನ ಖರ್ಚಾಗುತ್ತದೆ? ನಾವು ಬಜೆಟ್ ಹಾಕುವಾಗ ಪೆಟ್ರೋಲು, ಚಹಾ, ಚಾರ್ಟ್ ಪೇಪರ್, ಟೈಪಿಂಗ್ ಎಲ್ಲ ಬರೆಯುತ್ತೇವೆ. ಅವರ ಕೂಲಿ ಬರೆಯುವುದಿಲ್ಲ. 12 ಜನರನ್ನು 4 ಗಂಟೆ ಕೂರಿಸಿದರೆ 48 ಗಂಟೆ. ದಿನಕ್ಕೆ 8 ಗಂಟೆ ಅಂತ ಹಿಡಿದರೂ ಆರು ಆಳಿನ ಕೂಲಿ ಹೋಯಿತು. ನಮಗೆ ಅಗ್ಗವಾಗಿ ಕಾಣುವ ವಿಧಾನ ಎಷ್ಟೋ ಸಲ ಅವರಿಗೆ ದುಬಾರಿ. ಲೆಕ್ಕವನ್ನು ಎರಡೂ ಕಡೆಯಿಂದ ಹಾಕಿ. ನಾನು ಹೇಳಬೇಕಾದ ಮುಖ್ಯ ಮಾತೇ ಇದು, ಉಳಿದದ್ದೆಲ್ಲ ಇದರ ವಿವರ.

ಎರಡನೆಯದು, ಯಾರು ಬಂದಿಲ್ಲ? ಸಭೆಗೆ ಬಂದವರ ಪಟ್ಟಿ ಎಲ್ಲರೂ ಮಾಡುತ್ತಾರೆ. ಬಾರದವರ ಪಟ್ಟಿ ಮಾಡುವವರು ಕಡಿಮೆ. ನೀವು ಸ್ವಸಹಾಯ ಸಂಘದ ಮೂಲಕ ಹೋದರೆ ಸಂಘದವರು ಸಿಗುತ್ತಾರೆ. ಸ್ತ್ರೀಶಕ್ತಿಯಾಗಲಿ ಸಂಜೀವಿನಿಯಾಗಲಿ, ವಾರದ ಉಳಿತಾಯ ಕಟ್ಟಲು ಆಗದವಳು ಆ ಸಂಘದಲ್ಲಿ ಇರುವುದೇ ಇಲ್ಲ. ನಿಮಗೆ ಬೇಕಾದವಳು ಅವಳೇ ಅಲ್ವಾ?

ಮೂರನೆಯದು ಭಾಷೆ ಮತ್ತು ಅಕ್ಷರ. ತಾಂಡಾದಲ್ಲಿ ಮನೆಮಾತು ಲಂಬಾಣಿ. ರಾಯಚೂರಿನ ಗಡಿ ಹಳ್ಳಿಗಳಲ್ಲಿ ತೆಲುಗು. ಮುಸ್ಲಿಂ ಓಣಿಯಲ್ಲಿ ಉರ್ದು. ಕನ್ನಡ ಎಲ್ಲರಿಗೂ ಬರುತ್ತದೆ, ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು. ಮನಸ್ಸಿನ ನೋವು ಹೇಳುವಷ್ಟು ಬರುತ್ತದೆ ಅಂತ ನಾವು ಅಂದುಕೊಳ್ಳಬಾರದು.

ನಾಲ್ಕನೆಯದು, ನಾವು ಗಾಡಿ ಹತ್ತಿ ಬಂದ ಮೇಲೆ ಅವಳಿಗೆ ಏನಾಗುತ್ತದೆ? ಗೌಡರ ಹೊಲದ ಕೂಲಿಯ ಬಗ್ಗೆ ಮಾತಾಡಿದವಳಿಗೆ ನಾಳೆ ಆ ಹೊಲದಲ್ಲಿ ಕೆಲಸ ಸಿಗುತ್ತದಾ? ಐದನೆಯದು, ಕೊನೆಗೆ ಅವರ ಕೈಯಲ್ಲಿ ಏನು ಉಳಿಯುತ್ತದೆ? ಒಂದು ನಕ್ಷೆಯಾ, ಒಂದು ಪುಸ್ತಕವಾ, ಪಂಚಾಯಿತಿಯಲ್ಲಿ ಸ್ವೀಕೃತಿ ಮುದ್ರೆ ಬಿದ್ದ ಅರ್ಜಿಯಾ, ಏನೂ ಇಲ್ಲವಾ?

ನಮ್ಮ ದುಡ್ಡು ಮತ್ತು ಸಮಯದ ಲೆಕ್ಕ ಆರನೆಯದು. ಸಾಮಾನ್ಯವಾಗಿ ಎಲ್ಲರೂ ಅದರಿಂದಲೇ ಶುರುಮಾಡುತ್ತಾರೆ.

ಗುಂಪು ಚರ್ಚೆ: ಸುಲಭ ಅನ್ನುವ ಭ್ರಮೆ

ಎಫ್‌ಜಿಡಿ (ಫೋಕಸ್ ಗ್ರೂಪ್ ಡಿಸ್ಕಷನ್) ಅಂತ ಇದು ಎಲ್ಲ ವರದಿಯಲ್ಲೂ ಇರುತ್ತದೆ. ಎಂಟು ಹತ್ತು ಜನ, ಒಂದು ವಿಷಯ, ಒಂದೂವರೆ ಗಂಟೆ, ರೆಕಾರ್ಡರ್. ಮೂರು ವಾರದ ವಿದ್ಯಾರ್ಥಿಗೆ ಇದು ಕೈಗೆಟಕುವಂಥದ್ದೇ. ಒಂದೇ ಕೆಲಸ ಮಾಡುವ, ಒಂದೇ ಕೇರಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಹೆಂಗಸರು ಕೂತರೆ ಮಾತು ತಾನಾಗಿ ಹರಿಯುತ್ತದೆ. ಅತ್ತೆ ಸೊಸೆ ಇಬ್ಬರನ್ನೂ ಒಂದೇ ಗುಂಪಿನಲ್ಲಿ ಕೂರಿಸಿದಿರೋ, ಸೊಸೆ ನೆಲ ನೋಡುತ್ತಾ ಕೂರುತ್ತಾಳೆ. ಅಂಗನವಾಡಿ ಟೀಚರ್ ಬಾಗಿಲಲ್ಲಿ ನಿಂತಿದ್ದರೆ ಮೊಟ್ಟೆ ವಿಷಯ ಯಾರೂ ಎತ್ತುವುದಿಲ್ಲ.

ಆದರೆ ಇದನ್ನು ಸಹಭಾಗಿ ವಿಧಾನ ಅಂತ ಕರೆಯುವುದಕ್ಕೆ ನನಗೆ ಸ್ವಲ್ಪ ಹಿಂಜರಿಕೆ. ಪ್ರಶ್ನೆ ನಮ್ಮದು, ಉತ್ತರ ಅವರದು, ಬರೆದದ್ದು ನಮ್ಮ ಬ್ಯಾಗಿಗೆ. ಬೇರೆ ವಿಧಾನಕ್ಕೆ ಬಾಗಿಲು ತೆಗೆಯಲು ಬಳಸಿ, ಅಷ್ಟು ಸಾಕು.

ಪಿಆರ್‌ಎ: ರಂಗೋಲಿ ಪುಡಿ ಮತ್ತು ತೊಗರಿ ಕಾಳು

1980ರ ದಶಕದ ಕೊನೆಗೆ ರೂಪ ಪಡೆದ ವಿಧಾನ ಇದು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದ್ದ ಸಂಶೋಧಕ ರಾಬರ್ಟ್ ಚೇಂಬರ್ಸ್ ಹೆಸರು ಇದಕ್ಕೆ ಅಂಟಿಕೊಂಡಿದೆ. ಆದರೆ ಇದನ್ನು ಹಳ್ಳಿಯ ನೆಲದ ಮೇಲೆ ಬೆಳೆಸಿದ್ದರಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಮೈರಾಡ ಸಂಸ್ಥೆ ಆ ಹೊತ್ತಿನಲ್ಲೇ ಹಳ್ಳಿಗರ ಜೊತೆ ಇದನ್ನು ಮಾಡಿ ಬೇರೆಯವರಿಗೂ ಕಲಿಸಿತು. ಹೊರಗಿನಿಂದ ಬಂದದ್ದು ಅಂತ ಹೆದರಬೇಕಿಲ್ಲ.

ಬೇಕಾದದ್ದು ನೆಲ, ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಇದ್ದಿಲು, ಕಾಳು, ಎಲೆ, ಕಲ್ಲು. ಓದು ಬರಹ ಬೇಕಿಲ್ಲ. ಹೆಂಗಸರು ಊರಿನ ನಕ್ಷೆ ಬಿಡಿಸುತ್ತಾರೆ. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ ಮಾಡಿ, ಕೆಲಸ ಯಾವಾಗ ಜಾಸ್ತಿ, ಸಾಲ ಯಾವಾಗ, ಜ್ವರ ಯಾವಾಗ, ಗುಳೆ ಯಾವಾಗ ಅಂತ ಕಾಳು ಇಡುತ್ತಾರೆ. ಐದು ಸಮಸ್ಯೆಗೆ ಇಪ್ಪತ್ತು ಕಾಳು ಕೊಟ್ಟರೆ ಯಾವುದು ದೊಡ್ಡದು ಅಂತ ಹಂಚುತ್ತಾರೆ. ಬಾಯಿ ಬಿಡದವಳೂ ಕಾಳು ಇಡುತ್ತಾಳೆ. ಈ ವಿಧಾನದ ಜೀವ ಇರುವುದೇ ಅಲ್ಲಿ.

ಲಿಂಗಸುಗೂರು ತಾಲ್ಲೂಕಿನ ಒಂದು ಊರಲ್ಲಿ ನಡೆದದ್ದು ಹೇಳುತ್ತೇನೆ. ಹನುಮಪ್ಪನ ಗುಡಿ ಮುಂದೆ ಅಗಲವಾದ ಬಯಲಿತ್ತು. ನಕ್ಷೆಗೆ ಹೇಳಿ ಮಾಡಿಸಿದ ಜಾಗ ಅಂತ ನಾವು ಅಲ್ಲೇ ಕೂರಿಸಿದೆವು. ಎರಡು ಗಂಟೆಯಲ್ಲಿ ಚೆಂದದ ನಕ್ಷೆ ತಯಾರಾಯಿತು. ಗುಡಿ, ಶಾಲೆ, ಟ್ಯಾಂಕು, ಹಳ್ಳ, ರೇಷನ್ ಅಂಗಡಿ. ಫೋಟೋ ತೆಗೆದೆವು. ಹೊರಡುವಾಗ ಬದಿಯಲ್ಲಿ ನಿಂತಿದ್ದ ಮುದುಕಿಯೊಬ್ಬಳು, "ಎಲ್ಲಾ ಬರದೀರಿ, ನಮ್ಮ ಮನಿ ಎಲ್ಲಿ ಅದಾವ್ರಿ?" ಅಂದಳು. ದಲಿತ ಕೇರಿಯೇ ನಕ್ಷೆಯಲ್ಲಿ ಇರಲಿಲ್ಲ. ಆ ಕೇರಿಯ ಏಳೆಂಟು ಹೆಂಗಸರು ಎರಡು ಗಂಟೆಯೂ ಕಟ್ಟೆಯ ಕೆಳಗೆ ನಿಂತೇ ಇದ್ದರು. ಗುಡಿ ಮುಂದೆ ಅವರು ಕೂರುವುದಿಲ್ಲ, ಅದು ಊರಿಗೆಲ್ಲ ಗೊತ್ತು. ನಮಗೆ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಕೇರಿಯ ನಲ್ಲಿ ಕಟ್ಟೆ ಹತ್ತಿರ ಮತ್ತೆ ನಕ್ಷೆ ಮಾಡಿದೆವು. ಈ ಸಲ ಗುಡಿ ಒಂದು ಮೂಲೆಗೆ ಹೋಯಿತು. ನಲ್ಲಿ ನಡುವೆ ಬಂತು. ನಲ್ಲಿಯ ಸುತ್ತ ಇದ್ದಿಲಿನಿಂದ ಕರಿ ಗೆರೆ ಹಾಕಿದರು. ಯಾಕೆ ಅಂದರೆ, "ನೀರ್ ಬರ್ತದ್ರಿ. ನಮ್ ಪಾಳೀನ ಬರಂಗಿಲ್ಲ." ಮೊದಲ ನಕ್ಷೆಯಲ್ಲಿ ಇದೇ ಊರಿಗೆ ನೀರಿನ ತೊಂದರೆ ಇರಲಿಲ್ಲ. ಎರಡೂ ನಕ್ಷೆ ಸುಳ್ಳಲ್ಲ. ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ವರದಿ ಬರೆದಿದ್ದರೆ ನಮ್ಮ ವರದಿ ಸುಳ್ಳಾಗುತ್ತಿತ್ತು.

ಹಾಗಾಗಿ ಪಿಆರ್‌ಎ ಆರಿಸಿದರೆ ಜಾಗ ಮೊದಲು ಆರಿಸಿ. ಬಹಿರಂಗ ಜಾಗದಲ್ಲಿ ಮಾಡುವ ಯಾವುದೇ ಕಸರತ್ತು ಊರಿನ ದೊಡ್ಡವರ ಮಾತನ್ನೇ ಊರಿನ ಮಾತು ಮಾಡಿಬಿಡುತ್ತದೆ. ಪಶ್ಚಿಮ ಭಾರತದಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಡೇವಿಡ್ ಮೋಸ್ 1990ರ ದಶಕದಲ್ಲೇ ಇದನ್ನು ಹೇಳಿದ್ದರು. ಹೆಂಗಸರ ಅನುಭವ ಹೀಗೆ ಎಲ್ಲರೆದುರು ನಕ್ಷೆ, ಪಟ್ಟಿಗಳ ರೂಪಕ್ಕೆ ಸುಲಭವಾಗಿ ಇಳಿಯುವುದಿಲ್ಲ ಅಂತಲೂ ಎಚ್ಚರಿಸಿದ್ದರು. ಒಂದೇ ಊರಲ್ಲಿ ಕನಿಷ್ಠ ಎರಡು ಮೂರು ಕಡೆ ಮಾಡಿ, ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ.

ಖರ್ಚು ತೀರಾ ಕಡಿಮೆ. ಅವರ ಸಮಯ ಒಂದು ಮಧ್ಯಾಹ್ನ, ಹೆಚ್ಚೆಂದರೆ ಎರಡು. ಅಪಾಯ ಕಡಿಮೆ, ಯಾಕೆಂದರೆ ಯಾರು ಯಾವ ಕಾಳು ಇಟ್ಟರು ಅಂತ ಹೆಸರು ಬರುವುದಿಲ್ಲ. ಕೊರತೆ ಅಂದರೆ, ಗಾಳಿ ಬಂದರೆ ನಕ್ಷೆ ಹೋಯಿತು. ಅದನ್ನು ಹಾಳೆಗೆ ಇಳಿಸಿ ಒಂದು ಪ್ರತಿ ಅವರ ಹತ್ತಿರ ಬಿಡದೆ ಬರಬೇಡಿ. ಮೂಲ ಅವರಿಗೆ, ಜೆರಾಕ್ಸ್ ನಮಗೆ. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ.

ಫೋಟೋವಾಯ್ಸ್: ಬಳ್ಳಾರಿ ಜಾಲಿಯ ಪಾಠ

1990ರ ದಶಕದ ಆರಂಭದಲ್ಲಿ ಸಂಶೋಧಕಿಯರಾದ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ 62 ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟರು. ನಿಮ್ಮ ದಿನವನ್ನು ನೀವೇ ತೋರಿಸಿ ಅಂದರು. ಅಲ್ಲಿಂದ ಶುರುವಾದದ್ದು. ಈಗ ಕ್ಯಾಮೆರಾ ಕೊಳ್ಳುವ ಖರ್ಚಿಲ್ಲ, ಫೋನ್ ಸಾಕು. ಆದರೆ ಫೋನ್ ಮನೆಯಲ್ಲಿ ಇದೆ ಅಂದರೆ ಅವಳ ಕೈಯಲ್ಲಿದೆ ಅಂತಲ್ಲ. ಗಂಡನದೋ ಮಗನದೋ ಆಗಿರುತ್ತದೆ. ನಾಲ್ಕೈದು ಫೋನನ್ನು ನೀವೇ ಒದಗಿಸಿ, ಸರದಿ ಪ್ರಕಾರ ಕೊಡಿ.

ಫೋಟೋ ತೆಗೆಯುವುದು ಇದರಲ್ಲಿ ಚಿಕ್ಕ ಭಾಗ. ತೆಗೆದ ಮೇಲೆ ಕೂತು ಮಾತಾಡುವುದೇ ವಿಧಾನ. ಇಲ್ಲಿ ಏನು ಕಾಣ್ತದೆ? ನಿಜವಾಗಿ ಏನು ನಡೀತಾ ಇದೆ? ನಮ್ಮ ಬದುಕಿಗೂ ಇದಕ್ಕೂ ಏನು ಸಂಬಂಧ? ಯಾಕೆ ಹೀಗಾಯ್ತು? ನಾವೇನು ಮಾಡಬಹುದು? ಈ ಐದು ಪ್ರಶ್ನೆ ಬಾಯಿಪಾಠ ಮಾಡಿಕೊಳ್ಳಿ.

ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಒಬ್ಬ ಹೆಂಗಸು ಬರೀ ಜಾಲಿ ಪೊದೆಯ ಫೋಟೋ ತಂದಿದ್ದಳು. ಒಂದಲ್ಲ, ಏಳು. ಬಳ್ಳಾರಿ ಜಾಲಿ ನಮಗೆಲ್ಲ ಗೊತ್ತಿರುವುದೇ. ಅಮೆರಿಕ ಖಂಡದ ಗಿಡ, 1870ರ ದಶಕದಲ್ಲಿ ಭಾರತಕ್ಕೆ ಬಂತು, ಈಗ ಕೆರೆ ಅಂಗಳ, ಗೋಮಾಳ, ಪಾಳು ಹೊಲ ಎಲ್ಲ ಕಡೆ ತುಂಬಿಕೊಂಡಿದೆ. ನಮ್ಮ ತಂಡದ ಪರಿಸರದ ಹುಡುಗ ಅವಳು ಬಾಯಿ ತೆರೆಯುವ ಮೊದಲೇ, ಇದನ್ನು ಬೇರು ಸಮೇತ ಕೀಳಬೇಕು, ಬೇರೆ ಹುಲ್ಲು ಗಿಡ ಬೆಳೆಯಲು ಬಿಡುವುದಿಲ್ಲ ಅಂತ ಭಾಷಣ ಶುರುಮಾಡಿದ. ಅವನು ಹೇಳಿದ್ದು ತಪ್ಪಲ್ಲ. ಅವಳು ಕೇಳಿಸಿಕೊಂಡಳು. ಆಮೇಲೆ ಒಂದೊಂದೇ ಫೋಟೋ ತೋರಿಸಿದಳು. ಇದು ನಮ್ಮ ಒಲೆಗೆ. ಇದು ಬೇಲಿಗೆ. ಇದು ಮಾರಿದ್ದು, ಇದ್ದಿಲು ಸುಡುವವರು ಒಯ್ದರು. ಕೊನೆಯ ಫೋಟೋದಲ್ಲಿ ಪೊದೆಯ ನಡುವೆ ಸಣ್ಣ ಕಾಲುದಾರಿ ಇತ್ತು. ಉಳಿದ ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. "ಅದು ನಮ್ಮ ಬಯಲ್ರೀ. ಜಾಲಿ ಕಡದ್ರ ನಾವು ಎಲ್ಲಿ ಕೂಡಬೇಕು?" ಮನೆಗೆ ಶೌಚಾಲಯ ಇತ್ತು. ಅದರಲ್ಲಿ ಹೊಟ್ಟು ತುಂಬಿಟ್ಟಿದ್ದರು, ಯಾಕೆಂದರೆ ಸುರಿಯಲು ನೀರಿಲ್ಲ.

ಜಾಲಿ ತೆಗೆಯುವುದು ಪರಿಸರದ ಕೆಲಸ. ಉರುವಲು, ನೀರು, ಮರೆ ಇಲ್ಲದೆ ತೆಗೆದರೆ ಅದೇ ಅವಳ ಮೇಲಿನ ಹೊರೆ. ಸುಸ್ಥಿರ ಅಭಿವೃದ್ಧಿ ಅಂತ 2015ರಲ್ಲಿ ವಿಶ್ವಸಂಸ್ಥೆ 17 ಗುರಿ ಹಾಕಿಕೊಂಡಿತಲ್ಲ, ಅದರಲ್ಲಿ ಹೆಣ್ಣುಮಕ್ಕಳ ಸಮಾನತೆ ಐದನೆಯದು, ನೀರು ಮತ್ತು ಶೌಚ ಆರನೆಯದು, ಭೂಮಿಯ ಮೇಲಿನ ಜೀವಜಾಲ ಹದಿನೈದನೆಯದು. ಮೂರೂ ಒಂದೇ ಕಾಲುದಾರಿಯಲ್ಲಿ ಬಂದು ಡಿಕ್ಕಿ ಹೊಡೆದದ್ದನ್ನು ನಾನು ನೋಡಿದ್ದು ಆ ಫೋಟೋದಲ್ಲಿ. ಪ್ರಶ್ನಾವಳಿ ಹಿಡಿದು ಹೋಗಿದ್ದರೆ "ಶೌಚಾಲಯ ಇದೆಯೇ? ಹೌದು" ಅಂತ ಟಿಕ್ ಹಾಕಿ ಬರುತ್ತಿದ್ದೆವು.

ಈಗ ಅಪಾಯ. ಇನ್ನೊಂದು ಊರಲ್ಲಿ ನಾವು ತೆಗೆದ ಫೋಟೋಗಳನ್ನೆಲ್ಲ ಶಾಲೆಯ ಗೋಡೆಗೆ ಅಂಟಿಸಿ ಪ್ರದರ್ಶನ ಮಾಡಿದೆವು. ಹೆಂಗಸರು ಒಪ್ಪಿಗೆ ಕೊಟ್ಟಿದ್ದರು. ಆದರೆ ಒಂದು ಫೋಟೋದಲ್ಲಿ ಹಿಂದೆ ಇನ್ನೊಬ್ಬಳ ಮುಖ ಇತ್ತು. ಸಾರಾಯಿ ಮಾರುವ ಗೂಡಂಗಡಿ ಮುಂದೆ ನಿಂತ ಹಾಗೆ ಕಾಣುತ್ತಿತ್ತು. ಅವಳು ನಮ್ಮ ಗುಂಪಿನವಳೂ ಅಲ್ಲ. ಆ ರಾತ್ರಿ ಅವಳ ಮನೆಯಲ್ಲಿ ಆದ ಜಗಳಕ್ಕೆ ನಾವೇ ಕಾರಣ. ಫೋಟೋ ಹರಿದು ಹಾಕಿದರೂ ಆದದ್ದು ಆಗಿಹೋಗಿತ್ತು. ಅಂದಿನಿಂದ ನನ್ನ ನಿಯಮ: ಮುಖ ಬೇಡ. ಕೈ, ಕಾಲು, ಕೊಡ, ದಾರಿ, ಒಲೆ, ಹೊಲ ಸಾಕು. ಒಪ್ಪಿಗೆ ಎರಡು ಸಲ ಕೇಳಿ, ತೆಗೆಯುವಾಗ ಒಂದು ಸಲ, ತೋರಿಸುವ ಮೊದಲು ಇನ್ನೊಂದು ಸಲ. ಮೊದಲನೆಯದಕ್ಕೆ ಹೂಂ ಅಂದವಳು ಎರಡನೆಯದಕ್ಕೆ ಬೇಡ ಅನ್ನಬಹುದು. ಅದು ಅವಳ ಹಕ್ಕು.

ಸಮಯ: ಕನಿಷ್ಠ ಆರೇಳು ವಾರ. ಅವರ ಕಡೆಯಿಂದ ನಾಲ್ಕೈದು ಸಲ ಕೂರಬೇಕು. ಆದರೆ ಫೋಟೋ ತೆಗೆಯುವುದು ಅವರ ದಿನದ ಕೆಲಸದ ಜೊತೆಗೇ ನಡೆಯುತ್ತದೆ, ಕೂಲಿ ಬಿಡಬೇಕಿಲ್ಲ. ಅದು ದೊಡ್ಡ ಅನುಕೂಲ.

ವಿಡಿಯೋ: ಬೇಕೇಬೇಕಾ?

ಕೊಪ್ಪಳದ ಗೆಳತಿಯ ಪ್ರಶ್ನೆ ಇದು. ಜನರೇ ವಿಡಿಯೋ ಮಾಡುವ ಕಥೆ ಹಳೆಯದು. 1967ರಲ್ಲಿ ಕೆನಡಾದ ಫೋಗೊ ದ್ವೀಪದಲ್ಲಿ ಮೀನುಗಾರರ ಮಾತುಗಳನ್ನು ಚಿತ್ರೀಕರಿಸಿ ಅವರಿಗೇ ತೋರಿಸಿ, ಆಮೇಲೆ ಸರ್ಕಾರಕ್ಕೆ ತೋರಿಸಿದರು. ಊರು ಖಾಲಿ ಮಾಡಿಸುವ ಯೋಚನೆಯಲ್ಲಿತ್ತು ಸರ್ಕಾರ. ಜನ ಅಲ್ಲೇ ಉಳಿದು ಸಹಕಾರ ಸಂಘ ಕಟ್ಟಿಕೊಂಡರು. ನಮ್ಮ ದೇಶದಲ್ಲಿ ಅಹಮದಾಬಾದಿನ 'ಸೇವಾ' (SEWA) ಅನ್ನುವ ದುಡಿಯುವ ಹೆಂಗಸರ ಸಂಘಟನೆಯವರು 1984ರಲ್ಲೇ ಕ್ಯಾಮೆರಾ ಹಿಡಿದರು. ತೆಲಂಗಾಣದ ಜಹೀರಾಬಾದ್ ಕಡೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು ತಮ್ಮ ಕಿರುಧಾನ್ಯ, ಬೀಜದ ಬಗ್ಗೆ ತಾವೇ ಚಿತ್ರ ಮಾಡುತ್ತಾರೆ. 2008ರಿಂದ ಮಾಚನೂರಿನಲ್ಲಿ ತಮ್ಮದೇ ರೇಡಿಯೋ ಕೂಡ ನಡೆಸಿದರು. ನಮಗೆ ದೂರದ ಊರೇನಲ್ಲ.

ಆದರೆ ಅವರು ವರ್ಷಗಟ್ಟಲೆ ಕೂತು ಕಲಿತವರು. ಆರು ತಿಂಗಳಲ್ಲಿ ಏನಾಗುತ್ತದೆ ಅಂದರೆ, ಪಿಯುಸಿ ಓದಿದ ಚುರುಕು ಹುಡುಗಿಯೊಬ್ಬಳ ಕೈಗೆ ಕ್ಯಾಮೆರಾ ಹೋಗುತ್ತದೆ. ಉಳಿದವರು ಅವಳ ಮುಂದೆ ನಿಲ್ಲುತ್ತಾರೆ. ಎಡಿಟಿಂಗ್ ಬೆಂಗಳೂರಿನಲ್ಲಿ. ಕೊನೆಗೆ ಹಿನ್ನೆಲೆ ಸಂಗೀತ ಹಾಕಿದ ಐದು ನಿಮಿಷದ ಚಿತ್ರ. ಅದು ಸಂಸ್ಥೆಯ ಚಿತ್ರ, ಹೆಂಗಸರದ್ದಲ್ಲ.

ಗೆಳತಿಗೆ ನಾನು ಹೇಳಿದ್ದು: ಹಣ ಕೊಡುವವರು ಹಠ ಹಿಡಿದರೆ ಎರಡು ಷರತ್ತು ಇಡು. ಏನು ಕತ್ತರಿಸಬೇಕು, ಏನು ಇರಬೇಕು ಅನ್ನುವುದನ್ನು ಊರಲ್ಲೇ ಹೆಂಗಸರ ಜೊತೆ ಕೂತು ತೀರ್ಮಾನಿಸಬೇಕು. ಮೊದಲ ಪ್ರದರ್ಶನ ಊರಲ್ಲೇ ಆಗಬೇಕು, ಬೇಡ ಅಂದದ್ದನ್ನು ಹೊರಗೆ ಬಿಡಬಾರದು. ಇದಕ್ಕೆ ಒಪ್ಪದಿದ್ದರೆ ಫೋಟೋವಾಯ್ಸ್‌ಗೇ ಇಳಿ. ನಾಲ್ಕೂ ವಿಧಾನ ಇಟ್ಟು ನೋಡಿದರೆ ಅಧಿಕಾರಿಗಳ ಮೇಲೆ ಬೇಗ ಪರಿಣಾಮ ಮಾಡುವುದು ವಿಡಿಯೋನೇ. ಗುರುತು ಸಿಕ್ಕಿ ಬೇಗ ತೊಂದರೆಗೆ ಸಿಕ್ಕಿಸುವುದೂ ಅದೇ.

ಕ್ರಿಯಾ ಸಂಶೋಧನೆ: ಹತ್ತಿ ಹೊಲದ ಗೆರೆ ಪುಸ್ತಕ

ಕೊಲಂಬಿಯಾದ ಸಮಾಜಶಾಸ್ತ್ರಜ್ಞ ಒರ್ಲಾಂಡೊ ಫಾಲ್ಸ್ ಬೋರ್ಡಾ, ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೊ ಫ್ರೇರಿ, ಇಂಥವರ ಯೋಚನೆಯಿಂದ ಬೆಳೆದದ್ದು. 1977ರಲ್ಲಿ ಕೊಲಂಬಿಯಾದ ಕಾರ್ಟಹೇನಾದಲ್ಲಿ ಇದರ ಬಗ್ಗೆ ದೊಡ್ಡ ಸಭೆ ಆಯಿತು. ಇಲ್ಲಿ ಪ್ರಶ್ನೆಯೇ ಅವರದು. ಮಾಹಿತಿ ಕೂಡಿಸುವವರೂ ಅವರೇ, ಅದರಿಂದ ಏನು ಮಾಡಬೇಕು ಅನ್ನುವವರೂ ಅವರೇ. ನಾವು ಪಕ್ಕದಲ್ಲಿ ಕೂತು ಲೆಕ್ಕ ಕೂಡಿಸಿ ಕೊಡುವವರು. ನಮ್ಮಲ್ಲಿ 1989ರಲ್ಲಿ ಬಂದ, ಹೆಣ್ಣುಮಕ್ಕಳ ಶಿಕ್ಷಣ ಮತ್ತು ಸಂಘಟನೆಯ ಸರ್ಕಾರಿ ಕಾರ್ಯಕ್ರಮವಾದ ಮಹಿಳಾ ಸಮಖ್ಯದ ಸಂಘಗಳನ್ನು ನೋಡಿದವರಿಗೆ ಈ ಧಾಟಿ ಹೊಸದೇನಲ್ಲ. ಹೆಸರು ಮಾತ್ರ ಬೇರೆ.

ಮಸ್ಕಿ ಕಡೆಯ ಹತ್ತಿ ಬಿಡಿಸುವ ಹೆಂಗಸರ ಗುಂಪೊಂದು ಕೇಳಿದ ಪ್ರಶ್ನೆ ಇದು: ನಾವು ಬಿಡಿಸಿದ ಹತ್ತಿ ಎಷ್ಟು ಕೆಜಿ, ನಮಗೆ ಲೆಕ್ಕ ಹಿಡಿದದ್ದು ಎಷ್ಟು ಕೆಜಿ? ಕೆಜಿ ಲೆಕ್ಕದ ಕೂಲಿಯಲ್ಲಿ ತಕ್ಕಡಿಯೇ ದೇವರು. ಅವರು ತಮ್ಮದೇ ತೂಗುಮಾಪು ತಂದರು, ತೂಗಿ ಗೆರೆ ಎಳೆದರು. ಒಂದು ಕೆಜಿಗೆ ಒಂದು ಗೆರೆ, ಐದಾದರೆ ಅಡ್ಡಗೆರೆ. ಅಕ್ಷರ ಬೇಕಾಗಲಿಲ್ಲ. ನೂರು ಪುಟದ ನೋಟ್‌ಬುಕ್, ಎಣ್ಣೆ ಕಲೆ, ಹತ್ತಿ ಎಳೆ ಅಂಟಿಕೊಂಡದ್ದು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ ಪಕ್ಕಪಕ್ಕ ಬಂದವು. ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನುವ ಕಾನೂನು 1976ರಲ್ಲೇ ಬಂದಿದೆ ಅಂತ ನಾವು ಹೇಳಿದಾಗ ಅವರಲ್ಲೊಬ್ಬಳು, "ಹಂಗಾದ್ರ ಅದು ನಮ್ಮೂರಿಗೆ ಇನ್ನೂ ಬಸ್ ಹತ್ತಿಲ್ಲ ಬಿಡ್ರಿ" ಅಂದಳು.

ಇಲ್ಲಿ ಲಾಭ ದೊಡ್ಡದು, ಖರ್ಚೂ ದೊಡ್ಡದು. ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಕೈ ಹಾಕಬೇಡಿ. ಅರ್ಧಕ್ಕೆ ಬಿಟ್ಟು ಬಂದರೆ ಊರಿನ ಸಿಟ್ಟು ಅವರ ಮೇಲೆ, ಸರ್ಟಿಫಿಕೇಟ್ ನಿಮ್ಮ ಕೈಯಲ್ಲಿ. ಆ ಗುಂಪಿನ ಇಬ್ಬರಿಗೆ ಮುಂದಿನ ಸುಗ್ಗಿಯಲ್ಲಿ ಒಂದು ಹೊಲದಲ್ಲಿ ಕೆಲಸ ಸಿಗಲಿಲ್ಲ. ಗುಂಪು ಒಟ್ಟಿಗೆ ಇದ್ದದ್ದಕ್ಕೆ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಗುಂಪು ಗಟ್ಟಿ ಇಲ್ಲದ ಊರಲ್ಲಿ ಇದನ್ನು ಶುರುಮಾಡುವುದು ನನ್ನ ಪ್ರಕಾರ ಅನ್ಯಾಯ.

ಒಬ್ಬೊಬ್ಬರ ಜೊತೆ ಮಾತು

ಸಹಭಾಗಿ ಅಂದ ಕೂಡಲೇ ಗುಂಪು ಅಂತ ಯಾಕೆ ಅಂದುಕೊಳ್ಳುತ್ತೇವೋ ಗೊತ್ತಿಲ್ಲ. ಮಾಜಿ ದೇವದಾಸಿ ಮಹಿಳೆಯರು, ಗಂಡ ಬಿಟ್ಟವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾ ಮನೆ ಬಿಟ್ಟು ಬರಲಾಗದವರು, ಇವರಿಗೆ ಗುಂಪು ಸರಿಹೋಗುವುದಿಲ್ಲ. ಅವರ ಅಂಗಳದಲ್ಲಿ ಕೂತು, ಅವಳು ಅಕ್ಕಿ ಆರಿಸುತ್ತಿದ್ದರೆ ನೀವೂ ಒಂದು ಮೊರ ಹಿಡಿದು, ಅವಳ ಜೀವನದ ದಾರಿಯನ್ನು ಒಂದು ದಾರದಲ್ಲಿ ಗಂಟು ಹಾಕುತ್ತಾ ಹೇಳಿಸಬಹುದು. ಸುಖದ ಗಂಟು ಒಂದು ಬಣ್ಣ, ಕಷ್ಟದ್ದು ಇನ್ನೊಂದು. ದಾರ ಅವಳ ಹತ್ತಿರವೇ ಇರಲಿ.

ಒಂದು ಎಚ್ಚರ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾನೂನು ಮಾಡಿತು. ಆಮೇಲೆ ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ಸಮೀಕ್ಷೆ ಮಾಡಿತು. ಆ ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಪಿಂಚಣಿ, ಮನೆ. ಹೆಸರು ಬಿಟ್ಟುಹೋದವರು ವರ್ಷಗಟ್ಟಲೆ ಕಾದರು. ಹಾಗಾಗಿ ನೀವು ಪುಸ್ತಕ ತೆಗೆದ ಕೂಡಲೇ ಅವಳ ಮನಸ್ಸಿನಲ್ಲಿ ಬರುವುದು, ಮತ್ತೆ ಪಟ್ಟಿ ಬರೆಯುತ್ತಿದ್ದಾರೆ ಅಂತ. ಆಧಾರ್ ಕಾರ್ಡ್ ಜೆರಾಕ್ಸ್ ಹಿಡಿದು ಬರುತ್ತಾರೆ. ನೀವು ಪಟ್ಟಿ ಬರೆಯುವವರಲ್ಲ ಅಂತ ಮೊದಲ ಮಾತಿನಲ್ಲೇ, ಕೊನೆಯ ಮಾತಿನಲ್ಲೂ ಹೇಳಿ. ಅಷ್ಟು ಹೇಳಿದರೂ ಕೆಲವರು ಜೆರಾಕ್ಸ್ ಕೊಟ್ಟೇ ಹೋಗುತ್ತಾರೆ. ವಾಪಸ್ ಕೊಟ್ಟು ಬನ್ನಿ.

ಬದಲಾವಣೆಯ ಕಥೆ ಕೂಡಿಸುವ ವಿಧಾನವೂ ಒಂದಿದೆ. 1990ರ ದಶಕದಲ್ಲಿ ರಿಕ್ ಡೇವಿಸ್ ಎಂಬ ಸಂಶೋಧಕ ಬಾಂಗ್ಲಾದೇಶದಲ್ಲಿ ರೂಪಿಸಿದ್ದು. ಈ ಯೋಜನೆಯಿಂದ ನಿನಗೆ ಆದ ದೊಡ್ಡ ಬದಲಾವಣೆ ಯಾವುದು ಅಂತ ಕೇಳಿ, ಬಂದ ಕಥೆಗಳಲ್ಲಿ ಯಾವುದು ಮುಖ್ಯ, ಯಾಕೆ ಅಂತ ಎಲ್ಲರೂ ಕೂತು ಆರಿಸುವುದು. ಯೋಜನೆ ಮುಗಿಯುವಾಗ ಒಳ್ಳೆಯದು. ಶುರುವಿಗೆ ಉಪಯೋಗವಿಲ್ಲ, ಇನ್ನೂ ಏನೂ ಬದಲಾಗಿರುವುದಿಲ್ಲವಲ್ಲ.

ತಿಂಗಳು ನೋಡಿ, ಗಂಟೆ ನೋಡಿ

ಎಷ್ಟೇ ಒಳ್ಳೆಯ ವಿಧಾನವಾದರೂ ಹತ್ತಿ ಬಿಡಿಸುವ ಕಾಲದಲ್ಲಿ ಮಾಡಿದರೆ ಕೆಡುತ್ತದೆ. ಗಂಗಾವತಿ, ಸಿಂಧನೂರಿನ ನೀರಾವರಿ ಕಡೆ ನಾಟಿ ಹೊತ್ತಿನಲ್ಲಿ ಒಬ್ಬಳೂ ಸಿಗುವುದಿಲ್ಲ. ಒಣ ಬೇಸಾಯದ ಊರಲ್ಲಿ ಹಿಂಗಾರು ಮುಗಿದ ಮೇಲೆ ಹೋದರೆ ಅರ್ಧ ತಾಂಡಾಕ್ಕೆ ಬೀಗ, ಎಲ್ಲ ಬೆಂಗಳೂರಿಗೋ ಪುಣೆಗೋ ಗುಳೆ. ಆಗ ಸಿಗುವವರು ಮುದುಕಿಯರು, ಮಕ್ಕಳು. ಗುಳೆ ಹೋಗುವವಳ ಮಾತು ಬೇಕಾದರೆ ಯುಗಾದಿಗೋ ಮೊಹರಂಗೋ ಹೋಗಿ. ಮೊಹರಂ ಅಂದರೆ ನಮ್ಮ ಕಡೆ ಊರಿಗೆ ಊರೇ ವಾಪಸ್ ಬರುತ್ತದೆ, ಹಿಂದೂ ಮುಸ್ಲಿಂ ಅಂತಿಲ್ಲ. ಹಬ್ಬದ ದಿನ ಮಾತ್ರ ಪುಸ್ತಕ ತೆಗೆಯಬೇಡಿ, ಹಬ್ಬ ಕಳೆದ ಮರುದಿನ ಹೋಗಿ.

ಗಂಟೆ ಅಂದರೆ, ಸಂಜೆ ಆರಕ್ಕೆ ಅಂತ ಕರೆಯುವವರಿದ್ದಾರೆ. ಅದು ರೊಟ್ಟಿ ಬಡಿಯುವ ಹೊತ್ತು. ಕರೆದವರು ಯಾರೂ ರೊಟ್ಟಿ ಬಡಿದವರಲ್ಲ ಅಂತ ಗೊತ್ತಾಗಿಬಿಡುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮೂರು ವಾರದ ವಿದ್ಯಾರ್ಥಿನಿಗೆ: ಪಿಆರ್‌ಎ. ಅದೂ ಪೂರ್ತಿ ಅಲ್ಲ, ಎರಡು ಕಸರತ್ತು ಮಾತ್ರ, ನಕ್ಷೆ ಮತ್ತು ವರ್ಷದ ಕಾಳು ಪಟ್ಟಿ. ಒಂದೇ ಊರು, ಎರಡು ಕೇರಿ. ಜೊತೆಗೆ ಮೂರು ನಾಲ್ಕು ಜನರೊಂದಿಗೆ ಒಬ್ಬೊಬ್ಬರಾಗಿ ಮಾತು. ಫೋಟೋವಾಯ್ಸ್ ಹೆಸರು ಪ್ರಬಂಧದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಮೂರು ವಾರದಲ್ಲಿ ಅದು ಬರೀ ಫೋಟೋ ಆಗುತ್ತದೆ, ವಾಯ್ಸ್ ಆಗುವುದಿಲ್ಲ.

ಆರು ತಿಂಗಳ ಸಂಸ್ಥೆಗೆ: ಮೊದಲ ತಿಂಗಳು ಪಿಆರ್‌ಎ, ಅದರಲ್ಲಿ ಎದ್ದು ಬಂದ ಒಂದೇ ವಿಷಯದ ಮೇಲೆ ಫೋಟೋವಾಯ್ಸ್. ಐದನೇ ತಿಂಗಳು ಆ ಫೋಟೋಗಳನ್ನು ಹೆಂಗಸರೇ ಗ್ರಾಮಸಭೆಯಲ್ಲಿ ತೋರಿಸಲಿ. ಬಜೆಟ್ಟಿನಲ್ಲಿ ಅವರು ಕೂತ ಗಂಟೆಗೆ ಕೂಲಿ ಬರೆಯಿರಿ. ಕೂಲಿ ಕೊಟ್ಟರೆ ಮಾತು ಕೆಡುತ್ತದೆ ಅನ್ನುವವರು ಸಿಗುತ್ತಾರೆ. ಅಂಥವರನ್ನು ನೀವು ಸಂಬಳ ತಗೊಂಡು ಬಂದಿದ್ದೀರಾ ಇಲ್ವಾ ಅಂತ ಕೇಳಿ. ಊರಿಗೆಲ್ಲ ಒಂದೇ ದರ ಇರಲಿ, ಮೊದಲೇ ಹೇಳಿ.

ಪಂಚಾಯಿತಿ ಸದಸ್ಯೆಗೆ: ಅವರಿಗೆ ಸಂಶೋಧನೆ ಬೇಕಿಲ್ಲ, ಪಟ್ಟಿ ಬೇಕು. ಕಾಳು ಹಾಕಿ ಆದ್ಯತೆ ಆರಿಸುವುದು ಸಾಕು. ವಾರ್ಡ್ ಸಭೆಗೆ ಒಂದು ವಾರ ಮೊದಲು, ಕೇರಿಯ ನಲ್ಲಿ ಹತ್ತಿರ, ಅರ್ಧ ಗಂಟೆ. ಬಂದದ್ದನ್ನು ಹಾಳೆಗೆ ಇಳಿಸಿ, ಹೆಬ್ಬೆಟ್ಟು ಸಹಿ ಹಾಕಿಸಿ, ಸಭೆಯ ನಡಾವಳಿಯಲ್ಲಿ ಬರುವವರೆಗೆ ಪಿಡಿಒ ಟೇಬಲ್ ಬಿಟ್ಟು ಏಳಬಾರದು. ಅವರಿಗೆ ಇದನ್ನು ಹೇಳಿದಾಗ, "ಅದು ನನಗ ಗೊತ್ತೈತ್ರಿ, ಕಾಳಿಂದಷ್ಟೇ ಗೊತ್ತಿರಲಿಲ್ಲ" ಅಂದರು.

ಈಗಾಗಲೇ ಗಟ್ಟಿಯಾಗಿ ಸಂಘಟನೆ ಇರುವ ಹೆಂಗಸರಿಗೆ, ವರ್ಷಕ್ಕಿಂತ ಹೆಚ್ಚು ಜೊತೆಗಿರುವವರಿಗೆ ಮಾತ್ರ ಕ್ರಿಯಾ ಸಂಶೋಧನೆ.

ಇನ್ನು, ಒಂದೇ ದಿನ ಇದೆ, ಏನು ಮಾಡಲಿ ಅಂತಲೂ ಕೆಲವರು ಕೇಳುತ್ತಾರೆ. ಒಂದು ದಿನಕ್ಕೆ ಯಾವ ವಿಧಾನವೂ ಇಲ್ಲ. ಬೆಳಿಗ್ಗೆ ಹೆಂಗಸರ ಜೊತೆ ಟಂಟಂ ಹತ್ತಿ ಹೊಲಕ್ಕೆ ಹೋಗಿ. ಎರಡು ಸಾಲು ಹತ್ತಿ ಬಿಡಿಸಿ, ಬೆರಳಿಗೆ ಕಾಯಿಯ ಮುಳ್ಳು ಎಷ್ಟು ಚುಚ್ಚುತ್ತದೆ ನೋಡಿ. ಬುತ್ತಿ ಬಿಚ್ಚುವಾಗ ನಿಮ್ಮದೂ ಬಿಚ್ಚಿ, ಖಾಲಿ ಕೈಯಲ್ಲಿ ಹೋಗಿ ಅವರ ರೊಟ್ಟಿಗೆ ಪಾಲು ಬೀಳಬೇಡಿ. ಪುಸ್ತಕ ಬ್ಯಾಗಿನಲ್ಲೇ ಇರಲಿ. ಮತ್ತೆ ಯಾವಾಗ ಬರಲಿ, ಎಲ್ಲಿ ಕೂರೋಣ ಅಂತ ಅವರನ್ನೇ ಕೇಳಿ, ಅವರು ಹೇಳಿದ ದಿನ ಹೋಗಿ.